ಜೋಕಿಮ್ ಬಾಪ್ಪುವಿನ ಪಾಲು

ನಮ್ಮ ಕಾಪುವಿನ ಮನೆಯಲ್ಲಿ ನಾನು ಯಾರ ಧ್ವನಿಯನ್ನು ಬೇಕಾದರೂ ತೆಗೆಯಬಹುದಿತ್ತು, ಅಪ್ಪನದ್ದೊಂದನ್ನು ಬಿಟ್ಟು. ಇಗರ್ಜಿಯ ಪಾದ್ರಿಗಳಾದ ವಿಗಾರರು ಮೂಗಿನಿಂದ ಬಿಡುವ ಲ್ಯಾಟಿನ್, ಅಂಚೆಯ ದೇಜಪ್ಪ ಗದ್ದೆಯ ಆಚೆಯಿಂದಲೇ ಶುರುಮಾಡುವ ಕೆಮ್ಮು, ಉಡುಪಿ ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ನುಂಗುವ ಊರುಗಳ ಹೆಸರು, ಕಾರ್ಕಳದ ಅಜ್ಜಿಯ ಹಲ್ಲಿಲ್ಲದ ಬೈಗುಳ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಅಪ್ಪ, ಹೆಸರು ಬ್ಯಾಪ್ಟಿಸ್ಟ್, ನಮ್ಮ ವಠಾರದ ಗುರ್ಕಾರ, ಅಂದರೆ ಇಗರ್ಜಿಯ ಪರವಾಗಿ ಸುತ್ತಲಿನ ಮನೆಗಳ ಯಜಮಾನಿಕೆ ಮಾಡುವವನು. ಪ್ರಾರ್ಥನೆ ಶುರುಮಾಡುವ ಮೊದಲು ಅವನು ಎರಡು ಸಲ ಗಂಟಲು ಎಳೆಯುತ್ತಿದ್ದ, ಬಾವಿಯಿಂದ ತುಂಬಿದ ಕೊಡಪಾನ ಎಳೆದ ಹಾಗೆ. ನಾನು ಒಮ್ಮೆ ಮಾತ್ರ ಅದನ್ನು ಎಳೆದು ತೋರಿಸಿದ್ದೆ. ಅಪ್ಪ ನನ್ನ ಕಿವಿ ಎಳೆದು ತೋರಿಸಿದ. ಅಲ್ಲಿಗೆ ಆ ಪಾತ್ರ ನನ್ನ ಪಟ್ಟಿಯಿಂದ ಹೋಯಿತು.

ನನ್ನ ವಿದ್ಯೆ ಎಲ್ಲ ಹೀಗೆ ಬಂದದ್ದು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಉಡುಪಿಯ ಕಾಲೇಜಿನಲ್ಲಿ ಇಂಗ್ಲಿಷ್. ಯಾವುದನ್ನೂ ವ್ಯಾಕರಣದಿಂದ ಕಲಿಯಲಿಲ್ಲ. ಆ ಭಾಷೆಯ ಒಬ್ಬ ಮನುಷ್ಯನನ್ನು ಹಿಡಿದು, ಅವನ ಕುತ್ತಿಗೆ, ಹುಬ್ಬು, ಕೆಮ್ಮಿನ ಸಮೇತ ಮೈಮೇಲೆ ಹಾಕಿಕೊಳ್ಳುತ್ತಿದ್ದೆ. ಭಾಷೆ ತಾನಾಗಿ ಹಿಂದೆಯೇ ಬರುತ್ತಿತ್ತು. ಬಿ.ಎಸ್ಸಿ. ಮುಗಿಸಿ ಮಣಿಪಾಲದ ಒಂದು ಆಫೀಸಿನಲ್ಲಿ ಟೈಪು ಕುಟ್ಟುತ್ತಿದ್ದಾಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕಂಡಿತು. ಜಪಾನ್ ಸರಕಾರದ ವಿದ್ಯಾರ್ಥಿವೇತನ: ಮೊದಲ ವರ್ಷ ಓಸಾಕಾದಲ್ಲಿ ಭಾಷೆ, ಆಮೇಲೆ ಅಲ್ಲಿಯೇ ಮೀನು ಕೆಡದಂತೆ ಇಡುವ ವಿದ್ಯೆ. ಮಲ್ಪೆಯಲ್ಲಿ ಮಂಜುಗಡ್ಡೆ ಕರಗಿ ಬುಟ್ಟಿ ಬುಟ್ಟಿ ಮೀನು ಗೊಬ್ಬರವಾಗುವುದನ್ನು ನೋಡಿದವನು ನಾನು. ಅರ್ಜಿ ಹಾಕಿದೆ. ಸಾವಿರದ ಒಂಬೈನೂರ ಅರುವತ್ತೊಂದರ ಆರಂಭದಲ್ಲಿ ಆಯ್ಕೆಯಾದ ಕಾಗದ ಬಂತು.

ತಂಗಿ ಗ್ಲ್ಯಾಡಿಸ್‌ಗೆ ಮೊದಲು ಹೇಳಿದೆ. ಜಪಾನಿಗೆ ಹೋಗಿ ಜಪ ಮರೆಯಬೇಡ ಎಂದು ವಿಗಾರರ ಮೂಗಿನಲ್ಲಿ ನನಗೆ ನಾನೇ ಉಪದೇಶ ಕೊಟ್ಟುಕೊಂಡೆ. ಅವಳು ನಗಲಿಲ್ಲ. "ಪಪ್ಪನಿಗೆ ಎಂತ ಹೇಳ್ತೀ?" ಎಂದು ಕೇಳಿದಳು.

ಅದೇ ವಿಷಯ. ಅಪ್ಪನ ಅಣ್ಣ ಜೋಕಿಮ್, ನಮಗೆ ಜೋಕಿಮ್ ಬಾಪ್ಪು, ರಂಗೂನಿನಲ್ಲಿ ಒಂದು ಔಷಧದ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಯುದ್ಧದಲ್ಲಿ ಜಪಾನಿಯರು ಬರ್ಮಾಕ್ಕೆ ನುಗ್ಗಿದಾಗ ಸಾವಿರಾರು ಜನರ ಜತೆ ಕಾಡುದಾರಿಯಲ್ಲಿ ಅಸ್ಸಾಮಿನ ಕಡೆಗೆ ನಡೆದ. ಅಸ್ಸಾಮ್ ಮುಟ್ಟಲಿಲ್ಲ. ಜತೆಗೆ ನಡೆದಿದ್ದ ಎರ್ಮಾಳಿನವನೊಬ್ಬ ಬಂದು ಸುದ್ದಿ ಹೇಳಿದ. ಎಲ್ಲಿ ಬಿದ್ದ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಗೋರಿ ಇಲ್ಲ. ಗೋರಿ ಇಲ್ಲದ್ದರಿಂದ ಅಪ್ಪ ಬಾಪ್ಪುವನ್ನು ಊಟದ ಸಾಲಿನಲ್ಲಿ ಇಟ್ಟುಕೊಂಡಿದ್ದ.

ಅದು ಹೇಗೆಂದರೆ, ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹುಟ್ಟುಹಬ್ಬದ ದಿನ ನಮ್ಮವರ ತೆನೆಹಬ್ಬ. ಇಗರ್ಜಿಯಲ್ಲಿ ಮಂತ್ರಿಸಿಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ನಾಲ್ಕು ಕಾಳು ಸುಲಿದು, ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ಆ ದಿನ ಮೀನೂ ಇಲ್ಲ, ಮಾಂಸವೂ ಇಲ್ಲ, ಬರೀ ತರಕಾರಿ. ಉಡುಪಿಯ ಭಟ್ಟರು ಬಂದು ಕೂತರೂ ಎಲೆಯಲ್ಲಿ ತಪ್ಪು ಹಿಡಿಯಲಾರರು. ಯಜಮಾನ ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರ ಹೆಸರು ಕರೆದು ತನ್ನ ಕೈಯಿಂದಲೇ ಪಾಲು ಕೊಡುತ್ತಾನೆ. ಬೊಂಬಾಯಿಯಲ್ಲೋ ಆಫ್ರಿಕದಲ್ಲೋ ಇರುವವರ ಹೆಸರೂ ಕರೆದು, ಅವರ ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುತ್ತಾರೆ. ಕಾಳು ಬಂದರೆ ನೀನು ಎಲ್ಲಿದ್ದರೂ ಮನೆಯವನು. ಯಾರಿಗಾದರೂ ಬಾರದೆ ಹೋದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ಎಲ್ಲರಿಗಿಂತ ಮೊದಲು ಕರೆಯುತ್ತಿದ್ದದ್ದು ಜೋಕಿಮನನ್ನು. ತನ್ನ ಬಲಗಡೆಗೆ ಒಂದು ಎಲೆ ಹಾಕಿ ಬಡಿಸುತ್ತಿದ್ದ. ಊಟವಾದ ಮೇಲೆ ಆ ಎಲೆಯನ್ನು ತಾನೇ ಎತ್ತಿಕೊಂಡು ಹೋಗಿ ದೀಪಸ್ತಂಭದ ಬಂಡೆಯ ಹತ್ತಿರ ಸಮುದ್ರಕ್ಕೆ ಬಿಡುತ್ತಿದ್ದ. ಈ ಸಮುದ್ರ ಅರಬಸ್ತಾನಕ್ಕೆ ಹೋಗುತ್ತದೆ, ರಂಗೂನಿಗಲ್ಲ ಎಂದು ಹೈಸ್ಕೂಲಿನ ಭೂಗೋಳದ ಜೋರಿನಲ್ಲಿ ಒಮ್ಮೆ ಹೇಳಿದೆ. ಆ ವರ್ಷ ಬಾಪ್ಪುವಿನ ಎಲೆಯ ಪಕ್ಕದಲ್ಲೇ ನನಗೂ ಬಡಿಸಲಾಯಿತು, ಕೆನ್ನೆಯ ಮೇಲೆ.

ಅಪ್ಪನಿಗೆ ಮಧ್ಯಾಹ್ನ, ಗಂಜಿ ಉಣ್ಣುವಾಗ ಹೇಳಿದೆ. ಅಮ್ಮ, ನಮ್ಮ ಮಾಯ್, ಒಲೆಯ ಹತ್ತಿರ ಇದ್ದಳು. ಅವನು ಗಂಜಿ ಪೂರ್ತಿ ಮುಗಿಸಿದ. ಕೈ ತೊಳೆದ. ಯಾವ ಭಾಷೆಯಲ್ಲಿ ಕಲಿಸುತ್ತಾರೆ ಎಂದು ಕೇಳಿದ. ಅವರದ್ದೇ ಭಾಷೆಯಲ್ಲಿ ಎಂದೆ.

"ಬೊಂಬಾಯಿ ಉಂಟು, ಮದ್ರಾಸು ಉಂಟು. ಲಂಡನ್ನಿಗೇ ಹೋಗು. ನನ್ನ ಅಣ್ಣನನ್ನು ಓಡಿಸಿ ಕೊಂದವರ ಮಾತು ನಿನಗೆ ಯಾಕೆ?"

ಕೊಂದವರು ಬೇರೆ, ಮೀನಿನ ಪಾಠ ಮಾಡುವವರು ಬೇರೆ ಎಂದು ನಾನು ವಾದಿಸಿದೆ. ಬ್ರಿಟಿಷರ ಜೈಲಿಗೆ ಹೋಗಿ ಬಂದವರೇ ಈಗ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿಲ್ಲವಾ ಎಂದೆ. ಅಪ್ಪ ವಾದಕ್ಕೆ ಬರಲಿಲ್ಲ.

"ಹೋಗು. ಹಿಡಿದು ಕಟ್ಟಿಹಾಕಲು ನೀನು ಕರು ಅಲ್ಲ. ಆದರೆ ಆ ಭಾಷೆ ಇಟ್ಟುಕೊಂಡ ನಾಲಗೆಗೆ ಈ ಮನೆಯ ಹೊಸ ಅಕ್ಕಿ ಇಲ್ಲ."

"ನಾಲಗೆ ನನ್ನದು, ಪಪ್ಪಾ," ಎಂದೆ.

"ಅಕ್ಕಿ ನನ್ನದು," ಎಂದ.

ಮಾರ್ಚಿನಲ್ಲಿ ಹೊರಟೆ. ಬಸ್ಸಿನವರೆಗೆ ಮಾಯ್ ಮತ್ತು ಗ್ಲ್ಯಾಡಿಸ್ ಬಂದರು. ಅಪ್ಪ ಗದ್ದೆಯ ಅಂಚಿನಲ್ಲಿ ಬೆನ್ನು ಹಾಕಿ ನಿಂತಿದ್ದ. ಬೆನ್ನನ್ನು ಅನುಕರಿಸುವುದು ಹೇಗೆಂದು ಈಗಲೂ ನನಗೆ ಗೊತ್ತಿಲ್ಲ.

ಓಸಾಕಾದಲ್ಲಿ ನನ್ನನ್ನು ಒಬ್ಬ ವಿಧವೆಯ ಮನೆಯ ಮಹಡಿಗೆ ಹಾಕಿದರು. ಹೆಸರು ಓಕುದಾ, ವಿದ್ಯಾರ್ಥಿಗಳಿಗೆಲ್ಲ ಅವರು ಓಬಾಸಾನ್, ಅಂದರೆ ಚಿಕ್ಕಮ್ಮ. ಗಿಡ್ಡ, ಗಟ್ಟಿ, ಬಾಯಿ ಜೋರು. ನೆಲಕ್ಕೆ ಹಾಸಿದ ಹುಲ್ಲಿನ ಚಾಪೆಯ ಮೇಲೆ ನಾನು ಚಪ್ಪಲಿ ಇಟ್ಟ ಮೊದಲ ದಿನ ಅವರು ಬೈದದ್ದು ಕಾರ್ಕಳದ ಅಜ್ಜಿಯ ಬೈಗುಳದ ಅದೇ ರಾಗ. ಒಂದು ಅಕ್ಷರ ತಿಳಿಯದಿದ್ದರೂ ನನಗೆ ಮನೆಗೆ ಬಂದಂತಾಯಿತು. ಕೆಳಗಿನ ಕೋಣೆಯ ಗೂಡಿನಲ್ಲಿ ಸತ್ತವರ ಫೋಟೋಗಳು ಇದ್ದವು. ದಿನಾ ಬೆಳಿಗ್ಗೆ ಅನ್ನದ ಮೊದಲ ಹಿಡಿ ಸಣ್ಣ ಬಟ್ಟಲಲ್ಲಿ ಅವರ ಮುಂದೆ. ಅದರಲ್ಲಿ ಒಂದು ಫೋಟೋಕ್ಕೆ ಸೈನಿಕನ ಟೋಪಿ ಇತ್ತು. ಗಂಡನೋ ತಮ್ಮನೋ, ಯಾವ ದೇಶದಲ್ಲಿ ಸತ್ತದ್ದೋ, ನಾನು ಕೇಳಲಿಲ್ಲ. ಉತ್ತರವಾಗಿ ಬರ್ಮಾ ಎಂದು ಬಂದರೆ ಮಹಡಿ ಇಳಿದು ಬೇರೆ ಕೋಣೆ ಹುಡುಕಬೇಕಾಗುತ್ತದೆ ಎಂಬ ಹೆದರಿಕೆ.

ಶಾಲೆಯಲ್ಲಿ ಥಾಯ್ಲೆಂಡಿನವರು, ಇಂಡೋನೇಶಿಯದವರು, ಒಬ್ಬ ಬ್ರೆಜಿಲಿನವ, ಮತ್ತು ಕಾಪುವಿನ ನಾನು. ಊರಲ್ಲಿ ಗಂಜಿ ಕುಡಿದವನಿಗೆ ಅಲ್ಲಿ ಕಾಂಜಿ ಕುಡಿಸಿದರು; ಕಾಂಜಿ ಎಂದರೆ ಅವರ ಚಿತ್ರದಂಥ ಅಕ್ಷರಗಳು, ಸಾವಿರಗಟ್ಟಲೆ, ಎಷ್ಟು ಕುಡಿದರೂ ಹೊಟ್ಟೆ ತುಂಬುವುದಿಲ್ಲ. ಮೇಷ್ಟ್ರಿಗೆ ಸೆನ್ಸೆಯ್ ಎನ್ನಬೇಕು. ನಮ್ಮ ಹಸೆಗಾವಾ ಸೆನ್ಸೆಯ್ ತೆಳ್ಳಗೆ, ಸದಾ ಕಂದು ಕೋಟು, ಮಾತಿನ ನಡುವೆ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುವ ಅಭ್ಯಾಸ. ನಾನು ಎಂದಿನಂತೆ ಅವರನ್ನೇ ಮೈಮೇಲೆ ಹಾಕಿಕೊಂಡೆ. ಮೂರು ತಿಂಗಳಲ್ಲಿ ಅವರ ಗಾಳಿಯ ಸಮೇತ ಮಾತಾಡತೊಡಗಿದೆ. ಅವರು ಒಂದು ದಿನ ಕನ್ನಡಕ ಒರಸಿಕೊಂಡು, ವಲೇರಿಯನ್‌ ಅವರೇ, ನಿಮ್ಮ ಜಪಾನಿಯಲ್ಲಿ ನನಗೆ ಅಜೀರ್ಣವಾದ ಹಾಗೆ ಕೇಳಿಸುತ್ತದೆ ಎಂದರು. ಹೌದು ಸೆನ್ಸೆಯ್, ಕನ್ನಡಕವನ್ನೂ ಕೊಟ್ಟರೆ ಪೂರ್ತಿ ಬರುತ್ತದೆ ಎಂದೆ. ತರಗತಿಯಲ್ಲಿ ಮೊದಲು ನಕ್ಕವರು ಅವರೇ.

ಅವರು ಕಲಿಸಿದ್ದರಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದೇ. ಅವರ ಪ್ರಕಾರ ಜಪಾನಿಯಲ್ಲಿ 'ಈಯೆ' ಎಂದು, ಅಂದರೆ ಇಲ್ಲ ಎಂದು, ಮುಖಕ್ಕೆ ಹೇಳಬಾರದು. ತಲೆ ಓರೆ ಮಾಡಿ, ಗಾಳಿ ಎಳೆದು, ಸ್ವಲ್ಪ ಕಷ್ಟ ಎಂದು ಅರ್ಧಕ್ಕೆ ಬಿಡಬೇಕು. ಎದುರಿನವರು ಅರ್ಥ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಹೇಳಿದ್ದರೆ ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ; ನಾವು ಮುಖಕ್ಕೇ ಹೇಳಿ, ಬೆನ್ನಿಗೂ ಹೇಳುವ ಜನ. ಹಾಗೆಯೇ, ಸ್ವಂತ ತಂದೆಗೆ ಜಪಾನಿಯಲ್ಲಿ 'ಚಿಚಿ' ಎನ್ನುತ್ತಾರೆ ಎಂದು ಅವರು ಹಲಗೆಯ ಮೇಲೆ ಬರೆದ ದಿನ ನನಗೊಬ್ಬನಿಗೆ ನಗು ತಡೆಯಲಿಲ್ಲ. ನನ್ನ ತಂದೆ ನನಗೆ ಕೊನೆಯದಾಗಿ ಹೇಳಿದ್ದರ ಸಾರಾಂಶ ಅದೇ ಆಗಿತ್ತಲ್ಲ: ಛೀ, ಛೀ.

ಸೆಪ್ಟೆಂಬರ್ ಬಂತು. ಅಂಚೆಯವನು ಬರುವ ಹೊತ್ತಿಗೆ ನಾನು ಮಹಡಿ ಮೆಟ್ಟಿಲಿನಲ್ಲಿ ಕೂರತೊಡಗಿದೆ. ತಿಂಗಳ ಕೊನೆಗೆ ಗ್ಲ್ಯಾಡಿಸಳ ಲಕೋಟೆ ಬಂತು, ಕಾಳಿಲ್ಲದೆ. ಅಪ್ಪ ಎಂದಿನಂತೆ ಬಾಪ್ಪುವಿನಿಂದ ಶುರುಮಾಡಿದನಂತೆ. ಕಾರ್ಕಳದ ಅಜ್ಜಿ, ಮಾಯ್, ನೈರೋಬಿಯ ಸೋದರತ್ತೆ, ಬೊಂಬಾಯಿಯ ಓಸ್ವಾಲ್ಡ್ ಅಣ್ಣ, ಆಮೇಲೆ ನೇರವಾಗಿ ಗ್ಲ್ಯಾಡಿಸ್. ನನ್ನ ಹೆಸರಿನ ಜಾಗದಲ್ಲಿ ಅಪ್ಪ ನಿಲ್ಲಲೂ ಇಲ್ಲವಂತೆ. ಮಾಯ್ ಕದ್ದು ಕಳಿಸಬಹುದಿತ್ತು, ಆದರೆ ಯಜಮಾನನ ಕೈಯಿಂದ ಬಾರದ ಕಾಳು ಬರೀ ಭತ್ತ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಒಂದು ವಾರ ನಾನು ಯಾರ ಧ್ವನಿಯನ್ನೂ ತೆಗೆಯಲಿಲ್ಲ. ಹಸೆಗಾವಾ ಸೆನ್ಸೆಯ್ ಜ್ವರವೇ ಎಂದು ವಿಚಾರಿಸಿದರು. ಆಮೇಲೆ ಸಿಟ್ಟು ಬಂತು. ಬಾಪ್ಪುವಿಗೆ, ಇಲ್ಲದವನಿಗೆ, ಎಲೆ ಉಂಟು, ಇರುವವನಿಗೆ ಇಲ್ಲ. ಭಾಷೆ ಬಿಟ್ಟು ಬರುತ್ತೇನೆ ಎಂದು ಬರೆದರೆ ಮರುವರ್ಷ ಕಾಳು ಬರುತ್ತದೆ. ಬರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಅವನು ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನಾನು ಅವನನ್ನು ತೆಗೆದುಕೊಳ್ಳುತ್ತೇನೆ.

ಓಬಾಸಾನ್‌ರ ಅಣ್ಣನಿಗೆ ಊರ ಹೊರಗೆ ಗದ್ದೆ ಇತ್ತು. ಅಕ್ಟೋಬರಿನಲ್ಲಿ ಕೊಯ್ಲು. ನಾನೂ ಹೋಗಿ ಕತ್ತಿ ಹಿಡಿದೆ. ಕಾಪುವಿನ ಹುಡುಗನಿಗೆ ಭತ್ತದ ಬುಡ ಹಿಡಿಯುವುದನ್ನು ಜಪಾನಿಯಲ್ಲಿ ಹೇಳಿಕೊಡಬೇಕಾಗಿರಲಿಲ್ಲ. ಕೂಲಿಯಾಗಿ ಒಂದು ಹಿಡಿ ತೆನೆ ಕೇಳಿದೆ. ಅದನ್ನು ಕೊಂಡು ಹತ್ತಿರದ ಇಗರ್ಜಿಗೆ ಹೋದೆ. ಅಲ್ಲಿನ ಮುದಿ ಪಾದ್ರಿಗಳು ತೆನೆಯನ್ನು ನೋಡಿದರು, ನನ್ನನ್ನು ನೋಡಿದರು, ಬಿತ್ತನೆಗೋ ಎಂದು ಕೇಳಿದರು. ಅಲ್ಲ, ನನ್ನ ಅಪ್ಪನಿಗೆ ಎಂದೆ. ಅವರು ಹೆಚ್ಚು ಕೇಳದೆ ಲ್ಯಾಟಿನಿನಲ್ಲಿ ಮಂತ್ರಿಸಿದರು. ಲ್ಯಾಟಿನಿಗೆ ಕಾಪು, ಓಸಾಕಾ ಎಂಬ ಭೇದ ಇಲ್ಲ. ನಮ್ಮ ವಿಗಾರರದ್ದೇ ಶಬ್ದಗಳು, ಮೂಗು ಮಾತ್ರ ಬೇರೆ. ಅಪ್ಪ ಹುಳುಕು ಹುಡುಕಲು ಒಂದು ಸಂದಿಯೂ ಉಳಿಯಲಿಲ್ಲ.

ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರ ಹೆಸರು ಬರೆದು, ಒಬ್ಬೊಬ್ಬರಿಗೆ ಸಣ್ಣ ಪೊಟ್ಟಣ ಕಟ್ಟಿದೆ. ಮೊದಲನೆಯದು ಜೋಕಿಮ್ ಬಾಪ್ಪುವಿಗೆ. ಎರಡನೆಯದು ಯಜಮಾನನಾದ ಅಪ್ಪನಿಗೆ. ಅಂಚೆಗೆ ಹಾಕಿದೆ.

ಮುಂದಿನದು ಗ್ಲ್ಯಾಡಿಸ್ ಬರೆದು ತಿಳಿಸಿದ್ದು. ನವೆಂಬರಿನಲ್ಲಿ ದೇಜಪ್ಪ ಕೆಮ್ಮುತ್ತಾ ಪೊಟ್ಟಣ ತಂದ. ಅಪ್ಪ ಅಂಗಳದಲ್ಲೇ ಬಿಚ್ಚಿದ. ಹೆಸರುಗಳನ್ನು ಓದಿದ. ಅಣ್ಣನ ಹೆಸರು ಕಂಡ ಕೂಡಲೇ ಮುಖ ಕಪ್ಪಾಯಿತು. ಮಂತ್ರಿಸಿದ ಕಾಳನ್ನು ಬಚ್ಚಲಿಗೆ ಎಸೆಯುವ ಹಾಗಿಲ್ಲ, ಗುರ್ಕಾರನಲ್ಲವಾ. ಜಪಾನಿನ ಕಾಳನ್ನು ಒಳಗೆ ತರುವ ಹಾಗೂ ಇಲ್ಲ. ಒಂದು ಗಳಿಗೆ ನಿಂತು ಯೋಚಿಸಿ, ಎಲ್ಲ ಪೊಟ್ಟಣಗಳನ್ನೂ ಬಿಚ್ಚಿ ಕೋಳಿಗಳ ಮುಂದೆ ಸುರಿದ. ನಮ್ಮ ಕೆಂಪು ಹುಂಜ ಉಳಿದವನ್ನೆಲ್ಲ ಓಡಿಸಿ, ಪೂರ್ತಿ ಕುಟುಂಬದ ಪಾಲನ್ನು ಒಂದೇ ತಿಂದಿತು.

ಮಾಯ್ ಜಗಳವಾಡಿದ್ದನ್ನು ನಾವು ಯಾರೂ ನೋಡಿದ್ದಿಲ್ಲ. ಮರುದಿನ ಆ ಹುಂಜವನ್ನು ಹಿಡಿದು ಬೇರೆಯಾಗಿ ಬುಟ್ಟಿಯ ಕೆಳಗೆ ಹಾಕಿದಳು. ತೌಡು, ಅನ್ನ, ಕೊಬ್ಬರಿಯ ಹಿಂಡಿ ಕೊಟ್ಟು ಸಾಕಿದಳು. ಕ್ರಿಸ್ಮಸಿಗೆ ಕೊಯ್ದಳು. ಇಡ್ಲಿಯಂಥ ಸನ್ನಣದ ಜತೆಗೆ ತೆಂಗಿನಹಾಲು ಹಾಕಿದ ಸಾರು. ಕಾರ್ಕಳದಿಂದ ಅಜ್ಜಿ ಬಂದಿದ್ದಳು, ಬೊಂಬಾಯಿಯಿಂದ ಓಸ್ವಾಲ್ಡ್ ಅಣ್ಣ ಬಂದಿದ್ದ. ಮಾಯ್ ತಾನೇ ಬಡಿಸಿದಳು, ಎಂದೂ ಇಲ್ಲದ ಹಾಗೆ ಹೆಸರು ಕರೆದು, ಹಿರಿಯರಿಂದ ಕಿರಿಯರಿಗೆ. ಅಪ್ಪನಿಗೆ ತೊಡೆ. ಅವನು ಅದನ್ನು ಚೀಪಿ, ಎಲುಬನ್ನು ಎಲೆಯ ಅಂಚಿಗೆ ಇಟ್ಟ ಮೇಲೆ ಮಾಯ್ ಸೆರಗಿನಿಂದ ಕೈ ಒರಸಿಕೊಂಡು ಹೇಳಿದಳಂತೆ:

"ನಿಮ್ಮ ಮಗ ವಲ್ಲಿ ಕಳಿಸಿದ ಹೊಸ ಅಕ್ಕಿ ಎಲ್ಲರ ಹೊಟ್ಟೆಗೂ ಮುಟ್ಟಿತು. ಇನ್ನು ಯಾರು ಮನೆಯವರು, ಯಾರು ಅಲ್ಲ ಅಂತ ನೀವೇ ಹೇಳಿ."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಓಸ್ವಾಲ್ಡ್ ಅಣ್ಣನಿಗೆ ನಗು ನೆತ್ತಿಗೇರಿತು. ಅಪ್ಪ ಎಲುಬನ್ನೇ ನೋಡುತ್ತಾ ಕುಳಿತಿದ್ದ. ಹಬ್ಬದ ಊಟದಿಂದ ಯಜಮಾನ ಅರ್ಧಕ್ಕೆ ಏಳುವ ಹಾಗಿಲ್ಲ. ಕೊನೆಗೆ, ಹುಂಜ ಗಟ್ಟಿ ಇತ್ತು ಎಂದಷ್ಟೇ ಹೇಳಿ ಇನ್ನೊಂದು ಸನ್ನಣ ಕೇಳಿದನಂತೆ.

ಇದನ್ನು ಓದಿ ನಾನು ಮಹಡಿಯಲ್ಲಿ ಒಬ್ಬನೇ ಎಷ್ಟು ಜೋರಾಗಿ ನಕ್ಕೆನೆಂದರೆ ಓಬಾಸಾನ್ ಕೆಳಗಿನಿಂದ ಕೋಲಿನಲ್ಲಿ ಮಾಡಿಗೆ ಕುಟ್ಟಿದರು. ಅವರಿಗೂ ಕಥೆ ಹೇಳಿದೆ, ಬಾಪ್ಪುವಿನ ಸಂಗತಿ ಬಿಟ್ಟು, ಹುಂಜದ ಧ್ವನಿಯ ಸಮೇತ. ಅಪ್ಪನ ಪಾಲಿನ ಮಾತನ್ನು ಮಾತ್ರ ನನ್ನ ಧ್ವನಿಯಲ್ಲೇ ಹೇಳಿದೆ. ನಿನ್ನ ತಾಯಿಯ ಜತೆ ನಾನು ಒಂದು ದಿನ ಸಂತೆಗೆ ಹೋಗಬೇಕು ಎಂದರು.

ಭಾಷೆಯ ವರ್ಷ ಮುಗಿಯಿತು. ಮೀನಿನ ವಿದ್ಯೆ ಶುರುವಾಯಿತು. ಮತ್ತೆ ಸೆಪ್ಟೆಂಬರ್. ಈ ಸಲ ನಾನು ಮೆಟ್ಟಿಲಿನಲ್ಲಿ ಕೂರಲಿಲ್ಲ. ಬಂದರೆ ಬರಲಿ, ಬಾರದಿದ್ದರೆ ನನ್ನ ಗದ್ದೆ ಇಲ್ಲೂ ಉಂಟು ಎಂಬ ಗರ್ವ. ಲಕೋಟೆಯನ್ನು ಓಬಾಸಾನ್ ತಂದುಕೊಟ್ಟರು. ಮೇಲಿನ ಅಕ್ಷರ ಗ್ಲ್ಯಾಡಿಸಳದ್ದಲ್ಲ. ಗುರ್ಕಾರನ ದಪ್ಪ, ಒತ್ತಿದ ಅಕ್ಷರ. ಒಳಗೆ ಎರಡು ಪೊಟ್ಟಣ, ಒಂದು ಚೀಟಿ.

"ಒಂದು ನಿನ್ನದು. ಒಂದು ಅಣ್ಣನದು. ನಾನು ಒಪ್ಪಿದ್ದೇನೆ ಎಂದು ತಿಳಿಯಬೇಡ. ಅವನಿಗೆ ಅಲ್ಲಿ, ಅವರ ಮನೆಯಲ್ಲಿ, ಎಲೆ ಹಾಕಿ ಬಡಿಸು. ಅವರು ನೋಡಲಿ."

ನನ್ನ ಅಪ್ಪ ಸೋತಿರಲಿಲ್ಲ. ನನ್ನನ್ನು ಕ್ಷಮಿಸಿಯೂ ಇರಲಿಲ್ಲ. ಸತ್ತ ಅಣ್ಣನನ್ನು ಕೈಹಿಡಿದು ಓಸಾಕಾದವರೆಗೆ ನಡೆಸಿಕೊಂಡು ಬಂದಿದ್ದ.

ರಾತ್ರಿಯ ಊಟಕ್ಕೆ ಕೆಳಗೆ ಇಳಿದು ಓಬಾಸಾನ್‌ರ ಹತ್ತಿರ ಹಾಲು ಕೇಳಿದೆ. ಕಾಳು ಸುಲಿದು ಎರಡು ಬಟ್ಟಲಿಗೆ ಹಾಕಿದೆ. ಎರಡನೆಯದು ಯಾರದ್ದು ಎಂದು ಅವರು ಕೇಳಿದರು. ನನ್ನ ತಂದೆಯ ಅಣ್ಣನದು ಎಂದೆ. ಸತ್ತವರೋ ಎಂದರು. ಹೌದು ಎಂದೆ. ಓ, ಹಾಗಾದರೆ ಎಂದು ಎರಡೂ ಕೈಯಿಂದ ಬಟ್ಟಲನ್ನು ಎತ್ತಿಕೊಂಡು ಗೂಡಿನ ಕಡೆ ಹೊರಟರು, ಟೋಪಿಯ ಫೋಟೋದ ಪಕ್ಕಕ್ಕೆ. ಅವರ ಮಟ್ಟಿಗೆ ಅದು ದೊಡ್ಡ ಮರ್ಯಾದೆ. ಒಂದು ವರ್ಷ ಸೆನ್ಸೆಯ್ ಕಲಿಸಿದ ಓರೆ ತಲೆ, ಎಳೆದ ಗಾಳಿ, ಸ್ವಲ್ಪ ಕಷ್ಟ, ಎಲ್ಲ ನನ್ನ ಬಾಯಿಯ ತುದಿಯಲ್ಲೇ ಇತ್ತು.

"ಈಯೆ," ಎಂದೆ. ಇಲ್ಲ.

ಅವರು ನಿಂತರು.

"ಅವನು ಬರ್ಮಾದಲ್ಲಿ ಸತ್ತ. ನಿಮ್ಮ ಸೈನ್ಯ ಬಂದಾಗ. ಅವನು ಸೈನಿಕನ ಪಕ್ಕದಲ್ಲಿ ಕೂರುವುದಿಲ್ಲ. ಇಲ್ಲಿ, ಊಟಕ್ಕೆ ಕೂರುತ್ತಾನೆ."

ಓಬಾಸಾನ್ ಬಟ್ಟಲು ಹಿಡಿದುಕೊಂಡೇ ಇದ್ದರು. ಕೋಣೆ ಬಿಡಬೇಕಾಗುತ್ತದೆ ಎಂದುಕೊಂಡೆ. ಬಿಡುತ್ತೇನೆ ಎಂದೂ ಅಂದುಕೊಂಡೆ. ಅವರು ಫೋಟೋದ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಬಟ್ಟಲನ್ನು ಮೇಜಿನ ಮೇಲೆ, ನನ್ನ ಬಲಗಡೆಗೆ ಇಟ್ಟರು. ಗೋಡೆಯ ಕಪಾಟಿನಿಂದ ಅತಿಥಿಗಳು ಕೂರಲೆಂದು ಎತ್ತಿಟ್ಟಿದ್ದ ನೀಲಿ ದಿಂಬು ತೆಗೆದು, ತಟ್ಟಿ, ಅಲ್ಲಿ ಹಾಕಿದರು. ಒಂದು ಜತೆ ಹೊಸ ಕಡ್ಡಿಗಳನ್ನು ಬಟ್ಟಲಿನ ಪಕ್ಕ ಇಟ್ಟರು. ಬಾಪ್ಪುವಿಗೆ ಕಡ್ಡಿಯಲ್ಲಿ ತಿನ್ನಲು ಬರುವುದಿಲ್ಲ ಎಂದು ಹೇಳಹೊರಟವನು ಕಡ್ಡಿಗಳನ್ನು ಸರಿಯಾಗಿ ಜೋಡಿಸಿದೆ.

ಅವರು ಕುಳಿತು ಕೈ ಮುಗಿದು ಕಾದರು. ಪ್ರಾರ್ಥನೆ ನನ್ನ ಪಾಲಿಗೆ ಬಂತು. ಅಲ್ಲಿನ ಇಗರ್ಜಿಯಲ್ಲಿ ಕಲಿತ ಪ್ರಾರ್ಥನೆ ಬಾಯಿಗೆ ಬರುವ ಮೊದಲು ನನ್ನ ಗಂಟಲು ತಾನೇ ಎಳೆದುಕೊಂಡಿತು, ಒಂದು ಸಲ, ಇನ್ನೊಂದು ಸಲ, ತುಂಬಿದ ಕೊಡಪಾನದ ಭಾರದಿಂದ. ಆಮೇಲೆ ನನ್ನ ಧ್ವನಿಯಲ್ಲಿ ಅಪ್ಪ ಬಂದ.

"ತೆನ್ ನಿ ಮಾಶಿಮಾಸು ವಾರೆರಾ ನೊ ಚಿಚಿ ಯೊ..."

ಪರಲೋಕದಲ್ಲಿರುವ ನಮ್ಮ ತಂದೆಯೇ. ಅಪ್ಪ ಬೇಡವೆಂದ ಭಾಷೆಯನ್ನು, ಅಪ್ಪ ಬೇಡವೆಂದ ಧ್ವನಿಯಲ್ಲಿ, ಕಾಪುವಿನ ಅಂಗಳಕ್ಕೆ ಕೇಳಿಸುವಷ್ಟು ಜೋರಾಗಿ, ಆಮೇನ್‌ವರೆಗೆ ಹೇಳಿದೆ. ಹಾಲು ಕುಡಿದೆ. ಬಾಪ್ಪುವಿನ ಬಟ್ಟಲಿನ ಪಾಲನ್ನು ಮರುದಿನ ಓಸಾಕಾದ ಬಂದರಿಗೆ ಕೊಂಡುಹೋಗಿ ನೀರಿಗೆ ಬಿಟ್ಟೆ. ಆ ಸಮುದ್ರ ದಾರಿ ಕೇಳಿಕೊಂಡು ಹೋದರೆ ರಂಗೂನನ್ನು ಮುಟ್ಟುತ್ತದೆ.

ಅಪ್ಪನಿಗೆ ಅದೇ ದಿನ ಉತ್ತರ ಬರೆದೆ: "ಬಡಿಸಿದೆ. ಅವರು ನೋಡಿದರು." ಅದರ ಕೆಳಗೆ ಅದನ್ನೇ ಜಪಾನಿಯಲ್ಲೂ ಬರೆದೆ, ನನಗೆ ಬರುವ ಅತ್ಯಂತ ದೊಡ್ಡ ಕಾಂಜಿಗಳಲ್ಲಿ. ಓದಲು ಬಾರದಿದ್ದರೆ ಬೇಡ. ಪಪ್ಪನೂ ನೋಡಲಿ.